ಪಟ್ಟೆ ಅಂಗಿಯ ಚಾಪೆ

ಊರಿಗೆಲ್ಲ ಹಾಸಿಗೆ ಹೊಲಿದುಕೊಡುವ ಮನೆಯಲ್ಲಿ ಹುಟ್ಟಿದವಳಿಗೆ ಜನ ಇಟ್ಟ ಹೆಸರು ಚಾಪೆ. ಇದಕ್ಕಿಂತ ಅವಮಾನ ಬೇಕೆ ಎಂದು ಅವಳ ಸೋದರತ್ತೆ ಇವತ್ತಿಗೂ ಗೊಣಗುತ್ತಾಳೆ. "ಇಡೋದಿದ್ರೆ ದಿಂಬು ಅಂತಾದ್ರೂ ಇಡಬಾರದಿತ್ತಾ? ಮನೆತನದ ಮರ್ಯಾದೆ ಉಳೀತಿತ್ತು."

ಹೆಸರೇನೂ ಸುಮ್ಮನೆ ಬಂದದ್ದಲ್ಲ. ಅವಳು ಊರಿನ ಕ್ಲಬ್ಬಿಗೆ ವಾಲಿಬಾಲ್ ಆಡುವವಳು. ಸಂಬಳಕ್ಕೆ ಆಡುವವಳು ಎಂದರೆ ಸರಿಯಾದೀತು. ವಾಲಿಬಾಲ್ ತಂಡದಲ್ಲಿ ಲಿಬೆರೊ ಎಂದು ಒಬ್ಬರಿರುತ್ತಾರೆ. ಎಲ್ಲರ ಹಾಗೆ ಹಾರಿ ನೆಟ್ಟಿನ ಮೇಲಿಂದ ಚೆಂಡು ಬಡಿಯುವ ಹಕ್ಕು ಅವರಿಗಿಲ್ಲ. ಎದುರಿನವರು ಬಡಿದ ಚೆಂಡು ನೆಲ ಮುಟ್ಟದ ಹಾಗೆ ಬಿದ್ದು, ಜಾರಿ, ಹೊರಳಿ ಎತ್ತಿಕೊಡುವುದೇ ಅವರ ಕೆಲಸ. ಹೊಡೆದವರಿಗೆ ಚಪ್ಪಾಳೆ, ಎತ್ತಿಕೊಟ್ಟವರಿಗೆ ಮೊಣಕಾಲಿನ ಗಾಯ. ಅವರ ಗುರುತು ಸಿಗಲೆಂದು ಉಳಿದವರಿಗಿಂತ ಬೇರೆ ಬಣ್ಣದ ಅಂಗಿ ಹಾಕಬೇಕು, ಅದು ಆಟದ ನಿಯಮ. ಕ್ಲಬ್ಬಿನವರು ಗಂಡಸರ ಲಿಬೆರೊಗೆ ಪೇಟೆಯಿಂದ ಹಳದಿ ಅಂಗಿ ತರಿಸಿದರು. ಹೆಂಗಸರ ಲಿಬೆರೊಗೆ, "ಮನೇಲಿ ಬೇರೆ ಬಣ್ಣದ್ದು ಏನಾದ್ರೂ ಇದ್ರೆ ಹಾಕ್ಕೊಂಡು ಬಾರಮ್ಮ" ಎಂದರು.

ಮನೆಯಲ್ಲಿ ಇದ್ದದ್ದು ಹಾಸಿಗೆ ಬಟ್ಟೆ. ನೀಲಿ ಬಿಳಿ ಪಟ್ಟೆಯ, ಎಷ್ಟು ಉಜ್ಜಿದರೂ ಜಗ್ಗದ ದಪ್ಪ ಬಟ್ಟೆ. ಅದನ್ನೇ ಕತ್ತರಿಸಿ, ಅಂಗಿ ಹೊಲಿದು ಹಾಕಿಕೊಂಡು ಹೋದಳು. ಚೆಂಡಿನ ಹಿಂದೆ ಅವಳು ಉದ್ದಕ್ಕೆ ಬಿದ್ದದ್ದೇ ತಡ, ಗ್ಯಾಲರಿಯಿಂದ ಒಬ್ಬ ಕೂಗಿದ, "ನೋಡ್ರೋ, ಪಟ್ಟೆ ಚಾಪೆ ಹಾಸಿದ ಹಾಗಿದೆ." ಅಲ್ಲಿಗೆ ಹೆಸರು ಅಂಟಿತು. ಚಾಪೆ ಆದ ಮೇಲೆ ಹೊದೆಯುವುದಕ್ಕೂ ಏನಾದರೂ ಬೇಕಲ್ಲ, ಗಂಡಸರ ಲಿಬೆರೊಗೆ ಕಂಬಳಿ ಎಂದು ಹೆಸರಿಟ್ಟರು. ಅವನು ಬೇಸರಿಸಿಕೊಳ್ಳಲಿಲ್ಲ. ಅಭ್ಯಾಸದಲ್ಲಿ ಇಬ್ಬರೂ ಒಂದೇ ಅಂಗಳದಲ್ಲಿ ಅಕ್ಕಪಕ್ಕ ನಿಂತು, ಗಂಡಸರ ತಂಡದ ಎತ್ತರದ ಆಳು ಬಡಿಯುವ ಚೆಂಡನ್ನು ಸರದಿಯಲ್ಲಿ ಎತ್ತುತ್ತಿದ್ದರು. ಆ ಎತ್ತರದವನ ಹೆಸರು ಏಣಿ. ಏಕೆಂದು ನೋಡಿದವರಿಗೆ ಹೇಳಬೇಕಾಗಿಲ್ಲ.

ಆಟ ಮುಗಿಸಿ ಬಂದರೆ ಚಾಪೆಗೆ ಮನೆಯಲ್ಲಿ ಇನ್ನೊಂದು ಪಾಳಿ ಕಾದಿರುತ್ತಿತ್ತು. ಬೀದಿ ಕಡೆಯ ಕೋಣೆಯೇ ಅವರ ಕಾರ್ಖಾನೆ. ಒಂದು ಮೂಲೆಯಲ್ಲಿ ಹತ್ತಿ ಹಿಂಜುವ ಯಂತ್ರ, ಅದರ ಮುಂದೆ ಹಿಂಜಿದ ಹತ್ತಿಯ ರಾಶಿ. ಕಿಟಕಿಯ ಸರಳಿಗೆ, ಗಡಿಯಾರದ ಮುಳ್ಳಿಗೆ, ಅತ್ತೆಯ ಹುಬ್ಬಿಗೆ ಎಲ್ಲದಕ್ಕೂ ಹತ್ತಿಯ ಎಳೆ. ಅತ್ತೆ ದಿಂಬು ತುಂಬುತ್ತಿದ್ದಳು. ಅಪ್ಪ ಹಾಸಿಗೆ ತುಂಬಿ, ಗೇಣುದ್ದದ ದಬ್ಬಳದಿಂದ ಮೇಲಿಂದ ಕೆಳಕ್ಕೆ ಚುಚ್ಚಿ ಟಾಕು ಹಾಕುತ್ತಿದ್ದ. ಟಾಕು ಹಾಕದ ಹಾಸಿಗೆಯಲ್ಲಿ ಹತ್ತಿ ನಿಲ್ಲುವುದಿಲ್ಲ, ಸರಿದು ಒಂದೇ ಕಡೆ ಗುಡ್ಡೆಯಾಗುತ್ತದೆ. ಅಪ್ಪನ ಟಾಕು ಎಂದರೆ ಮದುವೆ ಮನೆಯವರು ಹುಡುಕಿಕೊಂಡು ಬರುತ್ತಿದ್ದರು.

ಆದರೆ ಅಪ್ಪನ ಬಲ ಭುಜ ಸೋತಿತ್ತು. ದಬ್ಬಳ ಒಳಗೆ ಹೋಗುತ್ತಿತ್ತು, ಎಳೆಯಲು ಕೈ ಬರುತ್ತಿರಲಿಲ್ಲ. ಒಬ್ಬ ಆಳನ್ನು ಇಟ್ಟುಕೊಳ್ಳದೆ ಗತಿಯಿರಲಿಲ್ಲ. ಆಳಿಗೆ ಕೂಲಿ ಕೊಡಬೇಕೆಂದರೆ ಮಗಳ ಸಂಬಳ ಸಾಲುತ್ತಿರಲಿಲ್ಲ. ಕ್ಲಬ್ಬಿನಲ್ಲಿ ಹೆಂಗಸರಿಗೆ ಗಂಡಸರ ಅರ್ಧ ಸಂಬಳ.

"ನೋಡು ಮಗಳೇ," ಎಂದಿದ್ದ ಅಪ್ಪ, "ಈ ಸಲ ಸಂಬಳ ಏರಿಸಿದ್ರೆ ಆಡು, ನಾನು ಆಳು ಇಟ್ಕೋತೀನಿ. ಏರಿಸದಿದ್ರೆ ಆಟ ಬಿಟ್ಟು ಬಂದು ದಬ್ಬಳ ಹಿಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

ಅವಳು ಹೂಂ ಎಂದಿದ್ದಳು. ಮಾತು ಕೊಟ್ಟಾಗಿತ್ತು. ಆ ವರ್ಷ ಹೆಂಗಸರ ತಂಡ ಲೀಗ್ ಗೆದ್ದು ಕಪ್ ತಂದಿತ್ತು, ಗಂಡಸರ ತಂಡ ಬೇಗನೆ ಸೋತು ಮನೆಗೆ ಬಂದಿತ್ತು. ಬಸ್ ನಿಲ್ದಾಣದ ಎದುರಿನ ಗೋಡೆಯ ಮೇಲೆ, ಕ್ಲಬ್ಬಿಗೆ ದುಡ್ಡು ಕೊಡುವ ಬಣ್ಣದ ಕಂಪನಿ ದೊಡ್ಡ ಚಿತ್ರ ಬರೆಸಿತ್ತು. ಚಿತ್ರದಲ್ಲಿದ್ದದ್ದು ಪಟ್ಟೆ ಅಂಗಿಯಲ್ಲಿ ಗಾಳಿಗೆ ಮೈಯೊಡ್ಡಿ ಚೆಂಡಿಗೆ ಕೈ ಚಾಚಿದ ಚಾಪೆ. ಇಷ್ಟಾದ ಮೇಲೂ ಏರಿಸದೆ ಇರುತ್ತಾರೆಯೇ ಎಂದು ಅವಳ ಲೆಕ್ಕ.

ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಸೀಸನ್ನಿಗೆ ಮುಂಚೆ ಕಾರ್ಯದರ್ಶಿ ಒಬ್ಬೊಬ್ಬರನ್ನೇ ಒಳಗೆ ಕರೆದು ಸಂಬಳದ ಮಾತಾಡುತ್ತಿದ್ದರು. ಆಮೇಲೆ ಒಂದು ಭಾನುವಾರ ಅಂಗಳದಲ್ಲಿ ಮೇಜು ಹಾಕಿ, ಊರವರ ಎದುರು ಎಲ್ಲರ ಕೈಯಲ್ಲೂ ಸಹಿ ಹಾಕಿಸಿ, ಪ್ರದರ್ಶನದ ಆಟ ಆಡಿಸುತ್ತಿದ್ದರು. ಕಾರ್ಯದರ್ಶಿ ಹಳೆಯ ಆಟಗಾರರು, ಕೆಟ್ಟವರೇನಲ್ಲ. ಮೈಕು ಕಂಡರೆ ಮಾತ್ರ ಸ್ವಲ್ಪ ಪ್ರೀತಿ ಹೆಚ್ಚು.

ಚಾಪೆಯ ಸರದಿ ಬಂತು. ಕಾರ್ಯದರ್ಶಿಯ ಕೋಣೆಯ ತುಂಬ ಹಳೆಯ ಕಪ್ಪುಗಳು, ಗಾಳಿ ಹೋದ ಚೆಂಡುಗಳು. ಸೆಕೆಯೆಂದು ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ಮೇಲೆ ಕಂಬಳಿಯೂ ಏಣಿಯೂ ಕೂತಿದ್ದರು.

"ಕಳೆದ ಸಲದ್ದೇ, ಅಲ್ವೇನಮ್ಮ?" ಎಂದರು ಕಾರ್ಯದರ್ಶಿ.

"ಅಲ್ಲ ಸಾರ್. ಕಂಬಳಿಗೆ ಎಷ್ಟು ಕೊಡ್ತೀರೋ ನನಗೂ ಅಷ್ಟೇ ಕೊಡಿ."

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿದರು. "ಅದು ಹೇಗಾಗುತ್ತೆ? ಹೆಂಗಸರ ನೆಟ್ ಗಂಡಸರ ನೆಟ್ಟಿಗಿಂತ ಒಂದು ಗೇಣು ಕೆಳಗೆ. ಆಟ ಒಂದು ಗೇಣು ಕೆಳಗಾದ ಮೇಲೆ ಸಂಬಳಾನೂ ಕೆಳಗೇ ಇರಬೇಕಲ್ಲ. ನಾನು ಮಾಡಿದ್ದಲ್ಲಮ್ಮ, ಎಲ್ಲಾ ಕಡೆ ಹಾಗೇ."

ಹೊರಗಿನಿಂದ ಏಣಿ ಬಾಯಿ ಹಾಕಿದ. "ಜನ ದುಡ್ಡು ಕೊಟ್ಟು ಬರೋದು ನಾವು ಬಡಿಯೋದು ನೋಡೋಕೆ ಸಾರ್. ಇರೋದು ಒಂದೇ ಹೊದಿಕೆ. ಆ ಕಡೆ ಎಳೆದ್ರೆ ಈ ಕಡೆ ನನ್ನ ಕಾಲು ಹೊರಗೆ."

"ನಿನ್ನ ಕಾಲು ಯಾವ ಹೊದಿಕೆಗೂ ಹೊರಗೇ ಇರುತ್ತಪ್ಪ," ಎಂದಳು ಚಾಪೆ. "ಜನ ಯಾರನ್ನ ನೋಡೋಕೆ ಬರ್ತಾರೆ ಅಂತ ಬಸ್ ನಿಲ್ದಾಣದ ಗೋಡೇನ ಕೇಳು. ಬಣ್ಣ ಮಾರೋಕೆ ನನ್ನ ಪಟ್ಟೆ ಬೇಕು, ಸಂಬಳಕ್ಕೆ ಮಾತ್ರ ಬೇಡ." ಮತ್ತೆ ಕಾರ್ಯದರ್ಶಿಯ ಕಡೆ ತಿರುಗಿದಳು. "ಸಾರ್, ನೆಟ್ ಒಂದು ಗೇಣು ಕೆಳಗಿರಬಹುದು. ನಾನು ಆಡೋದು ನೆಟ್ ಹತ್ರ ಅಲ್ಲ, ನೆಲದ ಮೇಲೆ. ಕಂಬಳೀನೂ ಅಷ್ಟೇ. ನೆಲ ಯಾರಿಗಾದ್ರೂ ಒಂದು ಗೇಣು ಕೆಳಗಿದೆಯಾ?"

ಕಂಬಳಿ ಬಾಗಿಲಿಗೆ ಬಂದು ನಿಂತ. ಮಾತು ಕಡಿಮೆಯ ಮನುಷ್ಯ. ಪ್ಯಾಂಟು ಮಡಿಸಿ ಮೊಣಕಾಲು ತೋರಿಸಿದ, ಅಷ್ಟೆ. ಚಾಪೆಯ ಮೊಣಕಾಲಿನ ಮೇಲಿದ್ದಂಥದೇ ಗಾಯ, ಅದೇ ಜಾಗದಲ್ಲಿ.

ಕಾರ್ಯದರ್ಶಿಗೆ ಗೆಲುವು ಎಲ್ಲಿದ್ದರೂ ಅದರ ಪಕ್ಕದಲ್ಲಿ ನಿಲ್ಲುವ ಅಭ್ಯಾಸ. "ಆಯ್ತು," ಎಂದರು. "ನ್ಯಾಯವಾದ ಮಾತು. ಲಿಬೆರೊಗೆ ಗಂಡಾಗಲಿ ಹೆಣ್ಣಾಗಲಿ ಒಂದೇ ಸಂಬಳ. ಉಳಿದವರ ಮಾತು ಬೇರೆ, ಅವರದ್ದು ನೆಟ್ಟಿನ ಆಟ." ಒಳ್ಳೆಯ ಕೆಲಸ ಮಾಡಿದ್ದು ನಾಲ್ಕು ಜನಕ್ಕೆ ಗೊತ್ತಾಗಲೆಂದು ಲಿಬೆರೊ ಸಂಬಳದ ಆ ಒಂದು ಸಾಲನ್ನೇ ದೊಡ್ಡ ಅಕ್ಷರದಲ್ಲಿ ಬರೆದು, ಸಹಿ ಮಾಡಿ, ನೋಟಿಸ್ ಬೋರ್ಡಿಗೆ ಅಂಟಿಸಿಯೂ ಬಿಟ್ಟರು.

ಚಾಪೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಬಟ್ಟೆ ಬದಲಾಯಿಸುವ ಕೋಣೆಯ ಬಾಗಿಲು ತೆರೆದಾಗ ಒಳಗಿನ ಮಾತು ನಿಂತಿತು. ಅಷ್ಟರಲ್ಲಿ ನೋಟಿಸನ್ನು ಎಲ್ಲರೂ ಓದಿದ್ದರು. ತಂಡದ ಕ್ಯಾಪ್ಟನ್ ಅಕ್ಕ ಬೂಟಿನ ದಾರ ಬಿಚ್ಚುತ್ತ ಕೂತಿದ್ದಳು. ಬೆಳಗಿನ ಜಾವ ಪೇಪರ್ ಹಾಕಿ, ಆಮೇಲೆ ಅಭ್ಯಾಸಕ್ಕೆ ಬರುವವಳು ಅವಳು. ಹೊಡೆಯುವವರಿಗೆ ಚೆಂಡು ಎತ್ತಿಡುವ ಕುಳ್ಳಿ ಸಂಜೆ ಹೊತ್ತು ಔಷಧದಂಗಡಿಯಲ್ಲಿ ನಿಲ್ಲುತ್ತಿದ್ದಳು. ಅರ್ಧ ಸಂಬಳದವರೆಲ್ಲ ಇನ್ನರ್ಧವನ್ನು ಎಲ್ಲೆಲ್ಲಿಂದಲೋ ಹೆಕ್ಕಿ ತರುತ್ತಿದ್ದರು.

"ಸಂತೋಷ ಕಣೆ," ಎಂದಳು ಕ್ಯಾಪ್ಟನ್ ಅಕ್ಕ. ಸಿಟ್ಟಿನಿಂದ ಅಂದದ್ದಲ್ಲ. ಅದಕ್ಕೇ ಅದು ಚಾಪೆಗೆ ಹೆಚ್ಚು ಚುಚ್ಚಿತು.

ಕುಳ್ಳಿ ಮಾತ್ರ ಸುಮ್ಮನಿರಲಿಲ್ಲ. "ನೀನು ಎತ್ತಿದ ಚೆಂಡು ಗಾಳೀಲಿ ನಿಂತಿರುತ್ತಾ, ನಾವು ಹೊಡೀದೆ?"

ಮನೆಯಲ್ಲಿ ಸುದ್ದಿ ಕೇಳಿ ಅಪ್ಪನ ಮುಖ ಅರಳಿತು. ಸೋತ ಭುಜವನ್ನೂ ಮರೆತು ಎರಡೂ ಕೈ ಎತ್ತಿದ. ನಾಳೆಯೇ ಆಳಿಗೆ ಹೇಳಿ ಕಳಿಸುತ್ತೇನೆ ಎಂದ. ಅತ್ತೆ ಅವಳ ಬಾಯಿಗೆ ಸಕ್ಕರೆ ಹಾಕಿದಳು, ಜೊತೆಗೆ ಹತ್ತಿಯ ಎಳೆಯೂ ಹೋಯಿತು.

ಮರುದಿನ ಬೆಳಗ್ಗೆ ಅವಳು ಹಾಸಿಗೆ ತುಂಬಲು ಕೂತಳು. ಮನಸ್ಸು ಎಲ್ಲೋ, ಕೈ ಎಲ್ಲೋ. ಹತ್ತಿ ಹಿಡಿಹಿಡಿಯಾಗಿ ಒಂದೇ ಮೂಲೆಗೆ ಹೋಯಿತು. ಅಪ್ಪ ನೋಡಿ ನಕ್ಕ.

"ಏನಮ್ಮ ಇದು? ಒಂದು ಮೂಲೆಗೇ ತುಂಬಿದ್ರೆ ಅದು ಹಾಸಿಗೆ ಆಗಲ್ಲ, ಗುಡ್ಡ ಆಗುತ್ತೆ. ಮಲಗಿದವನು ಉರುಳಿ ಬೀಳ್ತಾನೆ."

ಕೈ ನಿಂತಿತು. ಅವಳು ಆ ಗುಡ್ಡವನ್ನೇ ನೋಡುತ್ತ ಕೂತಳು. ಆಮೇಲೆ ಕೈ ಒಳಗೆ ಹಾಕಿ, ಹತ್ತಿಯನ್ನು ಎಳೆದು ಎಳೆದು ನಾಲ್ಕೂ ಮೂಲೆಗೆ ಸರಿಸಿದಳು.

"ಅಪ್ಪಾ, ನನಗೊಬ್ಬಳಿಗೇ ಆ ಸಂಬಳ ಬೇಡ. ಎಲ್ಲರಿಗೂ ಕೊಟ್ರೆ ಸಹಿ ಹಾಕ್ತೀನಿ, ಇಲ್ಲದಿದ್ರೆ ಇಲ್ಲ."

ಅಪ್ಪನ ನಗೆ ಇಳಿಯಿತು. "ತಲೆ ನೆಟ್ಟಗಿದೆಯಾ? ಕೈಗೆ ಬಂದ ತುತ್ತು. ನನ್ನ ಭುಜ ನೋಡಿದೀಯಾ?"

"ನೋಡಿದೀನಿ. ಕೊಡದಿದ್ರೆ ಹೇಳಿದ ಹಾಗೆ ಆಟ ಬಿಟ್ಟು ಇಲ್ಲೇ ಕೂರ್ತೀನಿ. ದಬ್ಬಳ ನಾನು ಎಳೀತೀನಿ."

"ಊರೋರ ಹೆಣ್ಣುಮಕ್ಕಳ ಸಂಬಳ ನಿನಗ್ಯಾಕೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಷ್ಟು ಸಲ ಹೇಳ್ಲಿ?"

"ಅದು ಹಾಸಿಗೆ ಕೊಂಡುಕೊಳ್ಳೋರಿಗೆ ಹೇಳೋ ಮಾತು ಅಪ್ಪಾ. ನಾವು ಹಾಸಿಗೆ ಹೊಲಿಯೋರು. ಕಾಲು ಉದ್ದ ಆದ್ರೆ ಹಾಸಿಗೆ ಉದ್ದ ಹೊಲೀಬೇಕು ಅಷ್ಟೆ. ಗಿರಾಕಿ ಕಾಲು ಕತ್ತರಿಸ್ಕೊಂಡು ಬಾ ಅಂತ ನೀನು ಯಾರಿಗಾದ್ರೂ ಹೇಳಿದೀಯಾ?"

ಅತ್ತೆ ದಿಂಬಿನಲ್ಲಿ ಮುಖ ಮುಚ್ಚಿಕೊಂಡು ಕುಲುಕಿದಳು. ಅಪ್ಪ ನಗಲಿಲ್ಲ. ಎದ್ದು ಹಿತ್ತಲಿಗೆ ಹೋದವನು ಮಧ್ಯಾಹ್ನದ ಊಟಕ್ಕೂ ಮಾತಾಡಲಿಲ್ಲ.

ಆ ದಿನ ಅಭ್ಯಾಸ ಮುಗಿದ ಮೇಲೆ ಚಾಪೆ ತಂಡದವರನ್ನೆಲ್ಲ ನೋಟಿಸ್ ಬೋರ್ಡಿನ ಮುಂದೆ ನಿಲ್ಲಿಸಿದಳು. "ಓದಿ," ಎಂದಳು. "ಲಿಬೆರೊಗೆ ಗಂಡಾಗಲಿ ಹೆಣ್ಣಾಗಲಿ ಒಂದೇ ಸಂಬಳ. ಒಂದು ತಂಡದಲ್ಲಿ ಎಷ್ಟು ಜನ ಲಿಬೆರೊ ಆಗಿ ಸಹಿ ಹಾಕಬಹುದು ಅಂತ ಇದರಲ್ಲಿ ಎಲ್ಲಾದ್ರೂ ಇದೆಯಾ?"

ಕ್ಯಾಪ್ಟನ್ ಅಕ್ಕ ಎರಡು ಸಲ ಓದಿದಳು. ಮೂರನೆಯ ಸಲ ಓದುವ ಮುಂಚೆಯೇ ನಗು ಬಂತು. "ಅವರು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೇ ತೂರೋಣ ಅಂತೀಯಾ?"

"ತೂರೋದು ಯಾಕಕ್ಕ? ಎಲ್ಲರೂ ಚಾಪೇನೇ ಆಗೋಣ."

"ನಿನಗೆ ಸಿಕ್ಕಿದ್ದೂ ಹೋದ್ರೆ?" ಎಂದಳು ಕುಳ್ಳಿ. ಈ ಸಲ ದನಿ ಬೇರೆಯಾಗಿತ್ತು.

"ಹೋದ್ರೆ ನಿಮ್ಮ ಮದುವೆಗೆಲ್ಲ ಹಾಸಿಗೆ ನನ್ನ ಹತ್ರಾನೇ ಕೊಳ್ಳಿ."

ಉಳಿದದ್ದು ಅಂಗಿಗಳು. ಸಂಜೆ ಮನೆಗೆ ಬಂದು ಹಾಸಿಗೆ ಬಟ್ಟೆಯ ಸುರುಳಿ ಬಿಡಿಸಿ ಕತ್ತರಿ ಹುಡುಕಿದಳು. ಕತ್ತರಿ ಇದ್ದದ್ದು ಅಪ್ಪನ ಕೈಯಲ್ಲಿ. ಹಿತ್ತಲಿನಲ್ಲಿ ಅವನಿಗೆ ಏನು ಹೊಳೆಯಿತೋ, ಅವನ ಅಕ್ಕ ಹೋಗಿ ಏನು ಹೇಳಿದಳೋ, ಇಬ್ಬರೂ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.

"ಅಡ್ಡಕ್ಕೆ ಕತ್ತರಿಸಬೇಡ. ಪಟ್ಟೆ ಉದ್ದಕ್ಕೆ ಬರಬೇಕು," ಎಂದ ಅಪ್ಪ ಮುಖ ಸಡಿಲಿಸದೆ. "ಎಲ್ಲರನ್ನೂ ಕರ್ಕೊಂಡು ಬಾ, ಅಳತೆ ತಗೋತೀನಿ. ಹಾಸಿಗೆಗಾದ್ರೂ ಅಳತೆ ಬೇಕು, ಮನುಷ್ಯರಿಗೆ ಬೇಡವಾ?"

ತಂಡವೆಲ್ಲ ಆ ಪುಟ್ಟ ಕೋಣೆಗೆ ಬಂದು ಹತ್ತಿಯ ರಾಶಿಯ ಮೇಲೆ ಕೂತಿತು. ಅಪ್ಪ ಅಳತೆ ಹಿಡಿದ, ಕತ್ತರಿಸಿದ. ಭುಜ ಹಿಡಿದುಕೊಂಡಾಗ ಹೊಲಿಗೆ ಯಂತ್ರದ ಮುಂದೆ ಮಗಳು ಕೂತಳು, ಅತ್ತೆ ಗುಂಡಿ ಹಚ್ಚಿದಳು. ತಂಡದಲ್ಲೇ ಉದ್ದವಾದ ಕ್ಯಾಪ್ಟನ್ ಅಕ್ಕನ ತೋಳು ಅಳೆದು ಅಪ್ಪ, "ಇದು ಡಬಲ್ ಕಾಟಿನ ಅಳತೆ" ಎಂದ. ಹಿತ್ತಲಿನಿಂದ ಬಂದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು.

ಭಾನುವಾರ ಬಂತು. ಗ್ಯಾಲರಿ ತುಂಬಿ, ಜಾಗವಿಲ್ಲದವರು ಗೋಡೆ ಹತ್ತಿದ್ದರು. ಮುಂದಿನ ಸಾಲಿನಲ್ಲಿ ಬಣ್ಣದ ಕಂಪನಿಯ ಯಜಮಾನಿ ಕೂತಿದ್ದರು. ಅವರ ಹಿಂದೆಯೇ ಅಪ್ಪ, ಅತ್ತೆ. ಕಾರ್ಯದರ್ಶಿ ಇಸ್ತ್ರಿ ಮಾಡಿದ ಕೋಟು ಹಾಕಿ ಮೈಕು ಊದಿ ನೋಡಿದರು. ಗಂಡಸರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ಆಮೇಲೆ ಹೆಂಗಸರ ಸರದಿ.

ಮೊದಲು ಬಂದವಳು ಚಾಪೆ. ಸಹಿ ಹಾಕದೆ ಮೇಜಿನ ಪಕ್ಕದಲ್ಲಿ ನಿಂತಳು. ಅವಳ ಹಿಂದೆ ಬಾಗಿಲಿನಿಂದ ಇನ್ನೊಂದು ಪಟ್ಟೆ ಅಂಗಿ ಬಂತು. ಅದರ ಹಿಂದೆ ಮತ್ತೊಂದು. ಆಮೇಲೆ ಸಾಲಿಗೆ ಸಾಲೇ ನೀಲಿ ಬಿಳಿ ಪಟ್ಟೆ. ಗ್ಯಾಲರಿ ಗುಜುಗುಜು ಎಂದಿತು.

ಕಾರ್ಯದರ್ಶಿ ಅಭ್ಯಾಸಬಲದಿಂದ ಮೈಕಿನಲ್ಲೇ ಕೇಳಿದರು. "ಕ್ಯಾಪ್ಟನ್. ಆಡುವ ಜಾಗ?"

"ಲಿಬೆರೊ," ಎಂದಳು ಕ್ಯಾಪ್ಟನ್ ಅಕ್ಕ.

"ಲಿಬೆರೊ," ಎಂದಿತು ಮೈಕು ತಾನಾಗಿ. ಮುಂದಿನವಳು ಬಂದಳು. ಅವಳೂ ಲಿಬೆರೊ. ಕುಳ್ಳಿ ಮೈಕಿಗೆ ಎಟಕಲು ತುದಿಗಾಲಲ್ಲಿ ನಿಂತು, "ನಾನೂ ಲಿಬೆರೊ ಸಾರ್, ನೆಲಕ್ಕೆ ಎಲ್ಲರಿಗಿಂತ ಹತ್ತಿರ ಇರೋಳು" ಎಂದಾಗ ಗ್ಯಾಲರಿ ಬಿದ್ದು ಬಿದ್ದು ನಕ್ಕಿತು.

ಕಾರ್ಯದರ್ಶಿ ಮೈಕಿನ ಮೇಲೆ ಕೈ ಮುಚ್ಚಿದರು. "ಏನಮ್ಮ ಇದು ಹುಡುಗಾಟ? ಎಲ್ಲರೂ ಲಿಬೆರೊ ಆದ್ರೆ ಹೊಡೆಯೋರು ಯಾರು?"

"ನೀವು ಅಂಟಿಸಿದ ನಿಯಮ ಸಾರ್," ಎಂದಳು ಚಾಪೆ. "ಲಿಬೆರೊ ಆದ್ರೆ ಮಾತ್ರ ಪೂರ್ತಿ ಸಂಬಳ ಅಂದ್ರೆ ಯಾರು ಅರ್ಧಕ್ಕೆ ಹೊಡೀತಾರೆ? ಎಲ್ಲರಿಗೂ ಒಂದೇ ಮಾಡಿ, ಈಗಲೇ ಅಂಗಿ ಬದಲಾಯಿಸ್ತಾರೆ. ಇಲ್ಲದಿದ್ರೆ ನಾನೂ ಸಹಿ ಹಾಕಲ್ಲ."

ರೆಫರಿ ಸೀಟಿಯನ್ನು ಬೆರಳಿಗೆ ಸುತ್ತುತ್ತ ಹತ್ತಿರ ಬಂದರು. "ಎಲ್ಲರೂ ಒಂದೇ ಅಂಗೀಲಿದ್ರೆ ನಾನು ಆಟ ಶುರು ಮಾಡೋ ಹಾಗಿಲ್ಲ. ಇಷ್ಟು ಚಾಪೆ ಹಾಸಿದ್ರೆ ನಿಲ್ಲೋದೆಲ್ಲಿ?"

ಕಾರ್ಯದರ್ಶಿ ಗಂಡಸರ ಕಡೆ ನೋಡಿದರು. ತಮ್ಮ ಪರವಾಗಿ ಯಾರಾದರೂ ಮಾತಾಡಬಹುದೆಂಬ ಆಸೆ. ಕಂಬಳಿ ಎದ್ದು ಬಂದು ಚಾಪೆಯ ಪಕ್ಕ ನಿಂತ. ಏಣಿ ತಲೆ ಕೆರೆದುಕೊಂಡ. "ನನಗೇನೂ ಇದು ಪೂರ್ತಿ ಒಪ್ಪಿಗೆ ಇಲ್ಲ," ಎಂದ. "ಆದ್ರೆ ಇವರು ದಿನಾ ನನ್ನ ಹೊಡೆತ ಎತ್ತಿ ಎತ್ತಿ ನನ್ನ ಕೈ ಪಳಗಿಸಿದ್ದು ನಿಜ. ಗೋಡೆಗೆ ಹೊಡ್ಕೊಂಡು ಕೂತಿದ್ರೆ ನಾನು ಇಷ್ಟು ಆಗ್ತಿರಲಿಲ್ಲ. ನಂದು ಕಡಿಮೆ ಮಾಡಬೇಡಿ, ಇವರದ್ದು ಏರಿಸಿ."

ಬಣ್ಣದ ಯಜಮಾನಿ ಕೂತಲ್ಲಿಂದಲೇ ಕೇಳಿದರು, "ಕಾರ್ಯದರ್ಶಿಗಳೇ, ನಾನು ದುಡ್ಡು ಕೊಡೋದು ಕ್ಲಬ್ಬಿಗೆ ಅಂದ್ಕೊಂಡಿದ್ದೆ. ಬರೀ ಗಂಡಸರಿಗಾ?"

ಗ್ಯಾಲರಿಯಿಂದ "ಚಾಪೆ, ಚಾಪೆ" ಎಂಬ ಕೂಗು ಶುರುವಾಯಿತು. ಗೋಡೆ ಹತ್ತಿದವರು ಗೋಡೆಗೇ ಬಡಿದರು. ಕಾರ್ಯದರ್ಶಿ ಮೇಜಿನಿಂದ ಎದ್ದು ನೋಟಿಸ್ ಬೋರ್ಡಿನ ಕಡೆ ನಡೆದರು. ಅವರು ಜೇಬಿನಿಂದ ಪೆನ್ನು ತೆಗೆದು, ತಮ್ಮ ದೊಡ್ಡ ಅಕ್ಷರದಲ್ಲಿ ಒಂದೇ ಒಂದು ಪದ ಹೊಡೆದು ಹಾಕಿ, ಅದರ ಮೇಲೆ ಇನ್ನೊಂದು ಬರೆದು, ಕಾಗದ ಕಿತ್ತುಕೊಂಡು ಬಂದರು. ಮೈಕು ಹಿಡಿದಾಗ ಅವರ ದನಿಯಲ್ಲಿ ಹಳೆಯ ಆಟಗಾರನ ಗತ್ತಿತ್ತು. ಗೆಲುವಿನ ಪಕ್ಕ ನಿಲ್ಲುವ ಅಭ್ಯಾಸ ಎಂದೆನಲ್ಲ.

"ಈ ಕ್ಲಬ್ಬಿನಲ್ಲಿ," ಎಂದು ಓದಿದರು, "ಆಟಗಾರರಿಗೆ ಗಂಡಾಗಲಿ ಹೆಣ್ಣಾಗಲಿ ಒಂದೇ ಸಂಬಳ."

ಆಮೇಲೆ ಎದ್ದ ಗದ್ದಲದಲ್ಲಿ ಯಾರು ಯಾರನ್ನು ತಬ್ಬಿಕೊಂಡರೋ ಗೊತ್ತಾಗಲಿಲ್ಲ. ಕ್ಯಾಪ್ಟನ್ ಅಕ್ಕ ಚಾಪೆಯನ್ನು ಎತ್ತಿಯೇ ಬಿಟ್ಟಳು. ಸದಾ ನೆಲದ ಮೇಲಿದ್ದವಳಿಗೆ ಅಷ್ಟು ಎತ್ತರದಿಂದ ಅಂಗಳ ಕಂಡದ್ದು ಅದೇ ಮೊದಲು. ಇಳಿಸಿದ ಮೇಲೆ ಸಹಿ ಹಾಕಿದಳು. ಉಳಿದವರೂ ಒಬ್ಬೊಬ್ಬರಾಗಿ ಹಾಕಿ, ಓಡಿ ಹೋಗಿ ತಂಡದ ಕೆಂಪು ಅಂಗಿ ತೊಟ್ಟು ಬಂದರು. ಪಟ್ಟೆ ಉಳಿದದ್ದು ಅವಳೊಬ್ಬಳ ಮೈಮೇಲೆ.

ಪ್ರದರ್ಶನದ ಆಟದಲ್ಲಿ ಗಂಡಸರು ಹೊಡೆಯುವುದು, ಹೆಂಗಸರು ಎತ್ತುವುದು. ಏಣಿ ಹಿಂದಕ್ಕೆ ಹೋಗಿ, ಓಡಿ ಬಂದು, ಆಕಾಶದಿಂದ ಇಳಿದ ಹಾಗೆ ಬಡಿದ. ಸಂಬಳ ಸಮ ಆಯಿತೆಂದು ಒಂದಿಷ್ಟೂ ಮೆತ್ತಗೆ ಬಡಿಯಲಿಲ್ಲ. ಚಾಪೆಗೆ ಬೇಕಾದದ್ದೂ ಅದೇ. ಮೈಯನ್ನು ಉದ್ದಕ್ಕೆ ಚಾಚಿ, ನೆಲದ ಮೇಲೆ ಜಾರಿ, ಚೆಂಡಿಗೂ ನೆಲಕ್ಕೂ ನಡುವೆ ಅಂಗೈ ತೂರಿಸಿದಳು. ಚೆಂಡು ಮೇಲೆದ್ದಿತು. ಕುಳ್ಳಿ ಎತ್ತಿಟ್ಟಳು, ಕ್ಯಾಪ್ಟನ್ ಅಕ್ಕ ಹಾರಿ ಬಡಿದಳು. ಚೆಂಡು ಏಣಿಯ ಕಾಲ ಬುಡಕ್ಕೆ ಬಿತ್ತು. ಅವನು ಬಗ್ಗುವಷ್ಟರಲ್ಲಿ ಪಾಯಿಂಟು ಮುಗಿದಿತ್ತು.

ನೆಲದ ಮೇಲಿಂದಲೇ ಚಾಪೆ ಗ್ಯಾಲರಿಯ ಕಡೆ ನೋಡಿದಳು. ಅಪ್ಪ ಹಿಂದಕ್ಕೆ ಒರಗಿ, ಎರಡೂ ಕಾಲನ್ನು ಮುಂದಿನ ಬೆಂಚಿನವರೆಗೆ ನೀಟಾಗಿ ಚಾಚಿಕೊಂಡು ಕೂತಿದ್ದ. ಅತ್ತೆ ಅವನ ಮೊಣಕಾಲಿಗೆ ತಟ್ಟುತ್ತಿದ್ದಳು.

"ಕಾಲು ಮಡಿಚೋ ತಮ್ಮ, ಮುಂದೆ ಯಜಮಾನಿ ಕೂತಿದಾರೆ."

"ಇರ್ಲಿ ಬಿಡಕ್ಕ," ಎಂದ ಅಪ್ಪ. "ಹಾಸಿಗೆ ಇವತ್ತು ಉದ್ದ ಇದೆ."